ಸಾಕು ಎನ್ನುವವಳು

ಆ ಅಂಗಡಿ ನಡೆಯುತ್ತಿದ್ದುದು ಒಂದೇ ಒಂದು ಮಾತಿನ ಮೇಲೆ. ಆ ಮಾತು ‘ಸಾಕು’.

ಹೇಳುತ್ತಿದ್ದವಳು ಹೆಂಡತಿ, ಕೇಳುತ್ತಿದ್ದವನು ಗಂಡ. ಯಾವ ಮನೆಯಲ್ಲಿ ಹೀಗಿಲ್ಲ ಹೇಳಿ ಎಂದು ನೀವು ನಗಬಹುದು, ನಗಿ. ಆದರೆ ಇವಳ ‘ಸಾಕು’ ಕೇಳಿಸಿಕೊಳ್ಳಲು ಜನ ಎಲ್ಲೆಲ್ಲಿಂದಲೋ ಕಾರು ಓಡಿಸಿಕೊಂಡು ಬರುತ್ತಿದ್ದರು. ಅದು ಕಾರುಗಳಿಗೆ ಹಾಡು ಕೂರಿಸುವ ಅಂಗಡಿ. ಒಂದು ಪಕ್ಕ ಟೈರಿನವನು, ಇನ್ನೊಂದು ಪಕ್ಕ ಸೀಟು ಕವರು ಹೊಲಿಯುವವನು, ನಡುವೆ ತಗಡು ಹೊದಿಸಿದ ಇವರ ಶೆಡ್ಡು. ಗೋಡೆಯ ತುಂಬ ವೈರಿನ ಸುರುಳಿಗಳು, ಮೂಲೆಯಲ್ಲಿ ಪೆಟ್ಟಿಗೆಗೆಂದು ಹಲಗೆ ಕೊಯ್ದ ಹೊಟ್ಟು, ಕಪಾಟಿನಲ್ಲಿ ಬಾಯಿ ಬಿಟ್ಟುಕೊಂಡು ಕುಳಿತ ಸ್ಪೀಕರುಗಳು.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಗುಡುಗು. ದನಿ ಹಾಗಿತ್ತು. ಅವನು ಒಳಗೆ ಕುಳಿತು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಟೈರಿನವನು ಆಚೆಯಿಂದ ಉತ್ತರ ಕೊಡುತ್ತಿದ್ದ. ಹೆಂಡತಿಗೆ ಎಲ್ಲರೂ ಅನ್ನುತ್ತಿದ್ದುದು ಕಿವಿಯಕ್ಕ ಎಂದು. ಅವಳ ಕಿವಿಯನ್ನು ಕೊಂಡಾಡಿದಷ್ಟು ಆ ಬೀದಿಯಲ್ಲಿ ಇನ್ಯಾರ ಯಾವ ಅಂಗವನ್ನೂ ಕೊಂಡಾಡಿರಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಒಂದು ದೊಡ್ಡ ಸ್ಪೀಕರಿನ ಪೆಟ್ಟಿಗೆ, ಬಾಗಿಲುಗಳಲ್ಲಿ ಸಣ್ಣ ಸ್ಪೀಕರುಗಳು. ಹಾಡಿನ ತೀರ ಕೆಳಗಿನ ಸ್ವರ, ಬೇಸ್ ಅನ್ನುತ್ತಾರಲ್ಲ, ಅದು ಪೆಟ್ಟಿಗೆಗೆ ಹೋಗಬೇಕು, ಮೇಲಿನದು ಬಾಗಿಲಿಗೆ. ಎಲ್ಲಿ ಗೆರೆ ಎಳೆಯಬೇಕು ಎನ್ನುವುದೇ ವಿದ್ಯೆ. ಅದಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಡಿಕ್ಕಿಯಲ್ಲಿರುವ ಆಂಪ್ಲಿಫೈಯರಿನ ಮೈಮೇಲೆ ಅದಕ್ಕೊಂದು ಪುಟ್ಟ ತಿರುಪು ಇರುತ್ತದೆ. ಅಣ್ಣತಮ್ಮಂದಿರ ಪಾಲಿನ ಹಾಗೆ ಈ ಗೆರೆ. ತುಸು ಮೇಲೆ ಹೋದರೆ ಡಿಕ್ಕಿಯವನು ಬಾಗಿಲಿನವನ ಪಾಲಿಗೂ ಕೈಹಾಕಿ, ಹಾಡುವವನ ದನಿಯೆಲ್ಲ ಬೆನ್ನ ಹಿಂದಿನಿಂದ ಬರತೊಡಗುತ್ತದೆ. ಕೆಳಗಿಳಿದರೆ ನಡುವೆ ಯಾರಿಗೂ ಸೇರದ ಜಾಗ ಬಿದ್ದು ಹಾಡು ಟೊಳ್ಳಾಗುತ್ತದೆ. ತಿರುಪನ್ನು ಎಂಬತ್ತರ ಗುರುತಿಗೆ ತಿರುಗಿಸಿ ಕೈತೊಳೆದುಕೊಳ್ಳುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ತಿರುಪಿನ ಸುತ್ತ ಅಚ್ಚು ಹಾಕಿದ ಅಂಕಿಗಳನ್ನು ನಂಬಿದವನು ಕೆಟ್ಟ. ಒಂದೊಂದು ಕಾರಿನ ಹೊಟ್ಟೆ ಒಂದೊಂದು ತರಹ.

ಅದಕ್ಕೇ ಇವರಿಬ್ಬರ ಪದ್ಧತಿ. ಗುಡುಗು ಡಿಕ್ಕಿಯ ಹತ್ತಿರ ಬಗ್ಗಿ ನಿಂತು ಸ್ಕ್ರೂಡ್ರೈವರಿನ ತುದಿಯಿಂದ ತಿರುಪನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸುತ್ತ ಹೋಗುತ್ತಾನೆ. ಕಿವಿಯಕ್ಕ ಚಾಲಕನ ಸೀಟಿನಲ್ಲಿ ಕೂತು ಕೇಳುತ್ತಾಳೆ. ಸರಿಯಾದ ಜಾಗ ಬಂದ ಕ್ಷಣ ಅವಳು “ಸಾಕು” ಅನ್ನಬೇಕು, ಇವನು ಕೈ ತೆಗೆಯಬೇಕು. ಆಮೇಲೆ ಆ ತಿರುಪು ಅಲುಗದಂತೆ ಅದರ ಮೇಲೆ ಒಂದು ತೊಟ್ಟು ಕೆಂಪು ಉಗುರುಬಣ್ಣ. ಅವಳು ಬಣ್ಣ ಹಚ್ಚಿದ್ದು ತಿರುಪುಗಳಿಗೇ ಹೊರತು ತನ್ನ ಉಗುರಿಗಲ್ಲ.

ಕೇಳಲು ಅವರು ಹಾಕುತ್ತಿದ್ದುದು ಯಾವ ಹಾಡನ್ನೂ ಅಲ್ಲ. ಮದುವೆಯಾದ ಹೊಸತರಲ್ಲಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅವಳು ಗಂಡನ ದನಿಯನ್ನೇ ರೆಕಾರ್ಡು ಮಾಡಿ ಹಿಡಿದಿಟ್ಟಿದ್ದಳು. “ಬಾಯಿ ಮುಚ್ಚಿ ಊಂ ಅನ್ನಿ. ಹೊಟ್ಟೆಯಿಂದ ಶುರು ಮಾಡಿ ಮೆಲ್ಲಗೆ ಮೇಲಕ್ಕೆ ಬನ್ನಿ” ಎಂದಿದ್ದಳು. ಅವನು ನಾಚಿಕೊಂಡು, ಕಣ್ಣು ಮುಚ್ಚಿಕೊಂಡು, ಎಮ್ಮೆ ನಿಟ್ಟುಸಿರು ಬಿಟ್ಟಂತೆ “ಊಂ” ಎಂದು ಶುರು ಮಾಡಿ ಉಸಿರು ಮುಗಿಯುವವರೆಗೆ ಎಳೆದಿದ್ದ. ಕೊನೆಯಲ್ಲಿ ಅವಳು ತಡೆಯಲಾರದೆ ಕಿಸಕ್ಕನೆ ನಕ್ಕಿದ್ದಳು. ಆ ನಗುವೂ ಅದರಲ್ಲಿ ಸೇರಿಹೋಯಿತು. ಅಳಿಸೋಣ ಎಂದರೆ ಅವನು ಒಪ್ಪಲಿಲ್ಲ. ಅಂದಿನಿಂದ ಎಷ್ಟು ಕಾರುಗಳಲ್ಲಿ ಆ ಊಂಕಾರ, ಅದರ ಬಾಲಕ್ಕೆ ಆ ನಗು, ಮತ್ತೆ ಮೊದಲಿಂದ ಊಂಕಾರ, ಹೀಗೆ ಸುತ್ತುತ್ತ ಬಂದಿತ್ತು.

“ಅದೆಲ್ಲ ಸರಿ, ಸಾಕು ಅನ್ನೋದು ಹೆಂಗೆ ಗೊತ್ತಾಗುತ್ತೆ ಅಕ್ಕ?” ಎಂದು ಸೀಟು ಹೊಲಿಯುವವನು ಒಮ್ಮೆ ಕೇಳಿದ್ದ.

“ಇವರ ದನಿ ಮುಂದೆ ಬಂದು ನಿಲ್ಲುತ್ತಪ್ಪ. ಸ್ಟೇರಿಂಗಿನ ಆಚೆ, ಗಾಜಿನ ಹತ್ರ, ನನ್ನ ಎದುರಿಗೇ ನಿಂತ ಹಾಗೆ ಆಗುತ್ತೆ. ಅಲ್ಲಿ ನಿಂತ್ರೆ ಸಾಕು ಅಂತೀನಿ.”

“ಮನೇಲೂ ಎದುರಿಗೇ ನಿಂತಿರ್ತಾರಲ್ಲ.”

“ಮನೇಲಿ ನಿಂತಾಗ್ಲೂ ಸಾಕು ಅಂತ್ಲೇ ಅನ್ನೋದು” ಎಂದಿದ್ದಳು. ಬೀದಿಯೇ ನಕ್ಕಿತ್ತು. ಆಗ ಅವಳ ಗಂಟಲೂ ಕಡಿಮೆಯದಾಗಿರಲಿಲ್ಲ.

ಈಚೆಗೆ ಅವಳು ಮೆತ್ತಗೆ ಮಾತಾಡುತ್ತಿದ್ದಳು. ವಯಸ್ಸಾದಂತೆ ಹೆಂಡತಿ ಮೆತ್ತಗಾದಳು, ನನ್ನ ಪುಣ್ಯ, ಎಂದು ಗುಡುಗು ಟೈರಿನವನ ಹತ್ತಿರ ಕೊಚ್ಚಿಕೊಳ್ಳುತ್ತಿದ್ದ. ಉದ್ದ ಡಿಕ್ಕಿಯ ದೊಡ್ಡ ಕಾರುಗಳು ಬಂದರೆ ಅವಳು ಒಲ್ಲೆ ಅನ್ನತೊಡಗಿದ್ದಳು. “ಅವರದ್ದು ಬರೀ ಜಂಬ ರೀ, ಬೇರೆ ಕಡೆ ಹೋಗ್ಲಿ” ಎಂದು ಹಿಂಬಾಗಿಲು ಮೇಲಕ್ಕೇಳುವ ಪುಟ್ಟ ಕಾರುಗಳನ್ನೇ ಹಿಡಿಯುತ್ತಿದ್ದಳು. ಮೊದಲೆಲ್ಲ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದವಳು ಈಗ ಕಣ್ಣು ಬಿಟ್ಟುಕೊಂಡೇ ಕೇಳುತ್ತಿದ್ದಳು. ಇದನ್ನೆಲ್ಲ ಅವನು ನೋಡಿದ್ದ. ನೋಡಿ ಏನು ಮಾಡಿದ? ಏನೂ ಇಲ್ಲ. ಊರಿನ ಕಾರುಗಳಲ್ಲಿ ಸಣ್ಣ ಕಿರಕಿರ ಎದ್ದರೂ ಯಾವ ತಿರುಪು ಸಡಿಲವಾಗಿದೆ ಎಂದು ಹೇಳುತ್ತಿದ್ದ ಮಹಾಶಯ. ದೀಪದ ಬುಡದಲ್ಲೇ ಕತ್ತಲೆ.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಹಿಂದಿನ ಬೀದಿಯಲ್ಲೇ ಅವರ ಕ್ಲಿನಿಕ್ಕು. “ಬೆಳಗಿಂದ ಸಂಜೆ ತನಕ ಡ್ರಿಲ್ ಮಿಷನ್ನು ಕುಯ್ಯೋ ಅನ್ನೋದು ಕೇಳಿ ಕೇಳಿ ನನ್ನ ತಲೆ ತೂತಾಗಿದೆ ಯಜಮಾನ್ರೇ. ಮನೆಗೆ ಹೋಗೋ ದಾರೀಲಾದ್ರೂ ಸ್ವಲ್ಪ ದಪ್ಪ ದನಿ ಕೇಳ್ಬೇಕು” ಎಂದರು. ಪುಟ್ಟ ಕಾರು, ಹಿಂಬಾಗಿಲು ಮೇಲಕ್ಕೇಳುವಂಥದು. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದ್ದರು. ಹಿನ್ನೋಟದ ಕನ್ನಡಿಯನ್ನು ಗಾಜಿಗೆ ಅಂಟಿಸುವುದು ಇನ್ನೂ ಆಗಿರಲಿಲ್ಲ. ಅದು ಬಟ್ಟೆಯಲ್ಲಿ ಸುತ್ತಿಸಿಕೊಂಡು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಮಲಗಿತ್ತು.

ಕಿವಿಯಕ್ಕ ಸೀಟಿನಲ್ಲಿ ಕೂತವಳು ಗಾಜಿನ ಮೇಲೆ ಕನ್ನಡಿ ಇರಬೇಕಾದ ಜಾಗವನ್ನು ನೋಡಿದಳು. “ಇವತ್ತು ಬೇಡ ರೀ. ಕನ್ನಡಿ ಅಂಟಿಸಿದ ಮೇಲೆ ಬರ್ಲಿ” ಎಂದಳು.

“ಕನ್ನಡಿಗೂ ಬೇಸ್‌ಗೂ ಏನೇ ಸಂಬಂಧ? ತಲೆ ಬಾಚ್ಕೋಬೇಕಾ?” ಎಂದು ಅವನು ಹಿಂದಿನಿಂದ ನಕ್ಕ. ಅವಳು ತಿರುಗಿ ನೋಡದೆ ಗುಂಡಿ ಒತ್ತಿದಳು.

ಊಂಕಾರ ಶುರುವಾಯಿತು. ಅವನು ತಿರುಗಿಸುತ್ತ ಹೋದ. ಸಾಮಾನ್ಯವಾಗಿ ಬರುವ ಜಾಗ ಬಂತು, ‘ಸಾಕು’ ಬರಲಿಲ್ಲ. ದಾಟಿದ. ನಗು ಬಂದು ಮತ್ತೆ ಮೊದಲಾಯಿತು. ಇನ್ನೂ ತಿರುಗಿಸಿದ. ಡಿಕ್ಕಿಯ ಪೆಟ್ಟಿಗೆ ಗದಗದ ನಡುಗತೊಡಗಿತು. ಅವನ ಕಿವಿಗೇ ಇದು ಅತಿಯಾಯಿತು ಅನ್ನಿಸಿತು. ಆದರೂ ಕೈ ನಿಲ್ಲಿಸಲಿಲ್ಲ. ಅವಳು ಅನ್ನದೆ ಇವನು ನಿಲ್ಲಿಸಿದ್ದು ಎಂದಾದರೂ ಉಂಟೇ? ಎಲ್ಲೋ ಬಹಳ ಮೇಲೆ ಹೋದ ಮೇಲೆ ಮುಂದಿನಿಂದ, ಕೇಳಿದಂತೆ, ಕೇಳದಂತೆ, “ಸಾಕು” ಬಂತು. ಅವನು ಕೈ ತೆಗೆದ. ಈ ಕಾರಿನ ಹೊಟ್ಟೆ ಹೀಗಿರಬೇಕು ಎಂದುಕೊಂಡ. ತನ್ನ ಕಿವಿ ಸುಳ್ಳು ಹೇಳಬಹುದು, ಅವಳದ್ದು ಹೇಳದು. ಉಗುರುಬಣ್ಣದ ತೊಟ್ಟನ್ನು ಅವನೇ ಇಟ್ಟ. ಬೇರೆ ಯಾವ ಅಂಗಡಿಯವನೂ ಅಷ್ಟು ಮೇಲೆ ಗೆರೆ ಎಳೆಯುವ ತಪ್ಪು ಮಾಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಡಾಕ್ಟರು ಕಾರು ತಂದು ನಿಲ್ಲಿಸಿದರು. ಸಂಕೋಚದ ಮನುಷ್ಯ, ಬೈಯಲೂ ಬಾರದು. “ಯಜಮಾನ್ರೇ, ನನ್ನ ಕಿವೀನೇ ಸರಿ ಇಲ್ವೇನೋ. ಆದ್ರೆ ಹಿಂದಿನ ಸೀಟಲ್ಲಿ ಯಾರೋ ಕೂತ್ಕೊಂಡು ಗದರಿದ ಹಾಗೆ ಆಗುತ್ತೆ. ಎರಡು ಸಲ ತಿರುಗಿ ನೋಡಿದೆ” ಎಂದರು.

ಕಿವಿಯಕ್ಕ ಇನ್ನೂ ಮನೆಯಿಂದ ಬಂದಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗುಡುಗು ತಾನೇ ಚಾಲಕನ ಸೀಟಿನಲ್ಲಿ ಕೂತ. ಡಾಕ್ಟರು ಏನಾಗುತ್ತದೋ ನೋಡೋಣ ಎಂದು ಹಿಂಬಾಗಿಲು ಎತ್ತಿ ಡಿಕ್ಕಿಯ ಹತ್ತಿರ ನಿಂತರು. ಊಂಕಾರ ಹಾಕಿದ. ತನ್ನದೇ ದನಿ ಬೆನ್ನ ಹಿಂದಿನಿಂದ ಗದರಿಕೊಂಡು ಬಂತು. ಕಿವುಡನಿಗೂ ತಿಳಿಯುವಷ್ಟು ತಪ್ಪಾಗಿತ್ತು. ಕಿವುಡನಿಗೂ ಎಂದು ಮನಸ್ಸಿನಲ್ಲಿ ಅಂದುಕೊಂಡವನು ಅಲ್ಲೇ ತಡೆದುಕೊಂಡ.

ತಲೆ ಎತ್ತಿದ. ಬರುವಾಗ ಡಾಕ್ಟರು ಕನ್ನಡಿಯನ್ನು ಅಂಟಿಸಿಕೊಂಡು ಬಂದಿದ್ದರು. ಅದರೊಳಗೆ ಡಿಕ್ಕಿಯ ಬಾಯಿ, ಬಾಯಿಯ ನಡುವೆ ಡಾಕ್ಟರ ಮುಖ, ಪೂರ್ತಿಯಾಗಿ. ಪಾಪ, ಸದ್ದಿಗೆ ಮುಖ ಕಿವುಚಿಕೊಂಡಿದ್ದರು. ಹಣೆಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಪ್ರತಿ ಕಾರಿನಲ್ಲೂ ತಾನು ನಿಲ್ಲುವುದು ಅಲ್ಲೇ.

ಮುಚ್ಚದ ಕಣ್ಣು, ಡಿಕ್ಕಿಯ ಮುಚ್ಚಳ ಕನ್ನಡಿಗೆ ಅಡ್ಡ ಬರುವ ಉದ್ದ ಕಾರುಗಳು, ‘ಕನ್ನಡಿ ಅಂಟಿಸಿದ ಮೇಲೆ ಬರ್ಲಿ’, ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು. ಅವಳು ಕೇಳುತ್ತಿರಲಿಲ್ಲ. ನೋಡುತ್ತಿದ್ದಳು.

“ಏನಾಯ್ತು ಯಜಮಾನ್ರೇ?” ಎಂದರು ಡಾಕ್ಟರು.

“ಏನಿಲ್ಲ. ಕಾರು ಬಿಟ್ಟು ಹೋಗಿ. ಸಂಜೆ ಕೊಡ್ತೀನಿ” ಎಂದ. ಅವರು ನಡೆದುಕೊಂಡೇ ಕ್ಲಿನಿಕ್ಕಿಗೆ ಹೋದರು.

ಇಲ್ಲ, ನಾನು ತಪ್ಪು ತಿಳಿದಿದ್ದೇನೆ, ನಿನ್ನೆ ಅವಳಿಗೆ ನೆಗಡಿ ಇದ್ದಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಸುಳ್ಳು ಹೇಳಿಕೊಳ್ಳುವುದರಲ್ಲಿ ಮನುಷ್ಯನನ್ನು ಮೀರಿಸುವವರಿಲ್ಲ. ಅಂಗಡಿಯ ಗತಿ ಏನು ಎಂಬ ಚಿಂತೆ ಅವನಿಗೆ ಆಗ ಬರಲೇ ಇಲ್ಲ. ಅವನಿಗೆ ಬೇಕಾಗಿದ್ದುದು ಒಂದೇ: ಅವಳಿಗೆ ತನ್ನ ದನಿ ಕೇಳಿಸುತ್ತದೆ ಎಂದು ಯಾರಾದರೂ ಹೇಳಬೇಕಿತ್ತು. ಹೇಳುವವರು ಯಾರೂ ಇರಲಿಲ್ಲ. ಅದನ್ನು ತಾನೇ ತಿಳಿದುಕೊಳ್ಳಬೇಕಾಗಿತ್ತು.

ಅವಳು ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಾರು ನೋಡಿ, “ಮತ್ತೆ ಬಂತಾ?” ಎಂದಳು. ಮುಖ ಸ್ವಲ್ಪ ಬಿಳುಚಿಕೊಂಡಿತು.

“ಸಣ್ಣ ಕೆಲಸ. ಇನ್ನೊಂದ್ಸಲ ಕೂತ್ಕೋ.”

ಅವಳು ಕೂತಳು. ಕನ್ನಡಿಯನ್ನು ನೋಡಿ, ಕೈ ಎತ್ತಿ ಒಂದಿಷ್ಟು ಸರಿಪಡಿಸಿಕೊಂಡಳು. ಆ ಸರಿಪಡಿಸುವ ಕೈಯನ್ನು ಅವನು ಎಷ್ಟು ಸಲ ನೋಡಿಲ್ಲ!

ಅವನು ಆಂಪ್ಲಿಫೈಯರಿನಿಂದ ಪೆಟ್ಟಿಗೆಗೆ ಹೋಗುವ ತಂತಿಯನ್ನು ಕಳಚಿದ. ಬಾಗಿಲುಗಳಿಗೆ ಹೋಗುವ ತಂತಿಯನ್ನೂ ಕಳಚಿದ. ಆಂಪ್ಲಿಫೈಯರಿನ ನೀಲಿ ದೀಪ ಮಾತ್ರ ಉರಿಯುತ್ತಿತ್ತು. “ಹಾಕು” ಎಂದು ಕೈ ಬೀಸಿದ. ಅವಳು ಗುಂಡಿ ಒತ್ತಿದಳು. ಕಾರಿನೊಳಗೆ ಒಂದು ಸದ್ದಿಲ್ಲ. ಆಚೆ ಹೊಲಿಗೆ ಮಿಷನ್ನು ಓಡುತ್ತಿತ್ತು, ಟೈರಿನವನು ಗಾಳಿ ಬಿಡುತ್ತಿದ್ದ, ಅಷ್ಟೇ.

ಅವನು ಬಗ್ಗಿ ತಿರುಪನ್ನು ತಿರುಗಿಸತೊಡಗಿದ. ಉಗುರುಬಣ್ಣ ಬಿರಿದು ಚಕ್ಕೆಯಾಗಿ ಉದುರಿತು. ಅಷ್ಟು ವರ್ಷ ಅವಳ ‘ಸಾಕು’ ಕೇಳಿ ಕೇಳಿ, ಅದು ಬರುವ ಮುಂಚೆಯೇ ಅವನ ಮುಖಕ್ಕೆ ಗೊತ್ತಾಗುತ್ತಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ಆಗ ತನ್ನ ಮುಖ ಹೇಗಾಗುತ್ತದೆಂದೂ ಅವನು ಅರಿಯ. ಸುಮ್ಮನೆ ಆ ಸರಿಯಾದ ಸದ್ದನ್ನು ನೆನೆಸಿಕೊಂಡ, ದನಿ ಹೋಗಿ ಅವಳ ಎದುರು ನಿಲ್ಲುವುದನ್ನು ನೆನೆಸಿಕೊಂಡ, ಮುಖವನ್ನು ಅದರ ಪಾಡಿಗೆ ಬಿಟ್ಟ. ದೇವರೇ, ಅವಳು ಸುಮ್ಮನಿರಲಿ ಎಂದು ಬೇಡಿದ. ಏನೂ ಕೇಳ್ತಾ ಇಲ್ವಲ್ಲ ರೀ, ತಂತಿ ಸಿಕ್ಕಿಸೋದು ಮರೆತ್ರಾ ಎಂದು ಬೈಯಲಿ.

“ಸಾಕು” ಎಂದಳು.

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಪೆಟ್ಟಿಗೆಯ ಮೇಲೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ. ಅವಳು ಮುಂದೆ ಹಾಗೇ ಕೂತಿದ್ದಳು, ತಲೆ ಒಂದಿಷ್ಟು ವಾಲಿಸಿಕೊಂಡು, ಏನನ್ನೋ ಕಾಯುವವಳ ಹಾಗೆ. ಕಾದಳು. ಊಂಕಾರ ಮುಗಿಯುವಷ್ಟು ಹೊತ್ತಾಯಿತು, ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ. ಆಗ ಅವಳು ಮೆಲ್ಲಗೆ ತಿರುಗಿ, ಕನ್ನಡಿಯಲ್ಲಲ್ಲ, ಸೀಟುಗಳ ನಡುವಿನಿಂದ ನೇರವಾಗಿ ಅವನನ್ನು ನೋಡಿದಳು.

“ನಗು ಬರ್ಲಿಲ್ಲ. ತಂತಿ ತೆಗೆದಿದ್ದೀರಾ?” ಎಂದಳು.

ಅವನು ಬಂದು ಪಕ್ಕದ ಸೀಟಿನಲ್ಲಿ ಕೂತ. ಏನೋ ಕೇಳಿದ. ಅವಳು ಅವನ ತುಟಿಗಳನ್ನೇ ನೋಡಿದಳು.

“ಈ ಕಡೆ ತಿರುಗಿ ಹೇಳಿ.”

“ಯಾವಾಗಿಂದ?”

“ತುಂಬಾ ದಿನ ಆಯ್ತು. ಅಮ್ಮಂಗೂ ಹೀಗೇ ಆಗಿತ್ತಲ್ಲ. ಕೆಳಗಿನ ಸ್ವರದಿಂದ ಶುರುವಾಗಿ ಮೇಲಕ್ಕೆ ಹತ್ತುತ್ತಂತೆ. ಕಿವಿ ಡಾಕ್ಟರ್ ಹೇಳಿದ್ರು. ನನ್ನ ದನಿ ಮಾತ್ರ ನನ್ನ ತಲೆಯೊಳಗೇ ಜೋರಾಗಿ ಮೊಳಗುತ್ತೆ, ಅದಕ್ಕೇ ಮೆತ್ತಗೆ ಮಾತಾಡೋದು.”

“ಡಾಕ್ಟರ ಹತ್ರ ಒಬ್ಳೇ ಹೋಗಿದ್ಯಾ?”

“ಅಕ್ಕನ ಮನೆಗೆ ಅಂತ ಹೇಳಿದ್ನಲ್ಲ, ಆವತ್ತು.”

“ಔಷಧಿ?”

“ಮಿಷನ್ನಿದೆ, ಕಿವಿಗೆ ಹಾಕ್ಕೊಳ್ಳೋದು. ಉಳಿದಿರೋದನ್ನ ದೊಡ್ಡದು ಮಾಡುತ್ತೆ, ಹೋಗಿರೋದನ್ನ ವಾಪಸ್ ತರಲ್ಲ. ಉಳಿದಿರೋದೂ ಎಷ್ಟು ದಿನವೋ ಹೇಳಕ್ಕಾಗಲ್ಲ ಅಂದ್ರು.” ಅವಳು ಸ್ಟೇರಿಂಗಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. “ಗುಬ್ಬಚ್ಚಿ ಕೇಳುತ್ತೆ. ಬಾಗಿಲ ಬೆಲ್ಲು ಕೇಳುತ್ತೆ. ಹೊಲಿಗೆ ಮಿಷನ್ನು ಕೇಳುತ್ತೆ. ಗಿರಾಕಿಗಳ ಹೆಂಡ್ತೀರು ಮಾತಾಡೋದೆಲ್ಲಾ ಬೇಡ ಅಂದ್ರೂ ಕೇಳುತ್ತೆ. ಎಲ್ಲರಿಗಿಂತ ಮೊದಲು ಹೋಗಿದ್ದು ನೀವು ರೀ.”

ಅವನು ಪೂರ್ತಿ ಅವಳ ಕಡೆಗೆ ತಿರುಗಿ ಕೂತ.

“ಆ ಊಂ ಅನ್ನೋದಿದೆಯಲ್ಲ, ಮೊದಮೊದ್ಲು ಸೊಳ್ಳೆ ಗುಂಯ್ ಅಂದ ಹಾಗಾದ್ರೂ ಕೇಳ್ತಿತ್ತು. ಆಮೇಲೆ ಅದೂ ಇಲ್ಲ. ಈಗ ಅದ್ರಲ್ಲಿ ನಂಗೆ ಕೇಳೋದು ನನ್ನ ನಗು ಒಂದೇ. ಸುಮ್ಮನೆ ಕೂತಿರ್ತೀನಿ, ಏನೂ ಇರಲ್ಲ, ಇದ್ದಕ್ಕಿದ್ದ ಹಾಗೆ ಆ ಹುಡುಗಿ ನಗ್ತಾಳೆ. ಯಾಕೆ ನಗ್ತಾಳೋ.”

“ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಇಲ್ಲಿ ಕೂರಿಸ್ತಿದ್ರಾ? ಕಿವುಡಿಗೆ ಯಾರಾದ್ರೂ ಕೂರು ಅಂತಾರಾ? ಇಲ್ಲಿ ಕೂತಾಗ ನಿಮ್ಮ ದನಿ ಎಲ್ಲೂ ಹೋಗಿಲ್ಲ ಅನ್ನಿಸ್ತಿತ್ತು. ಕನ್ನಡೀಲಿ ನಿಮ್ಮನ್ನ ನೋಡ್ತಿದ್ದೆ. ಸರಿಹೋದ ತಕ್ಷಣ ನಿಮ್ಮ ಹುಬ್ಬು ಇಳಿಯುತ್ತೆ, ದೂರ ನಡೆದು ಬಂದವರು ಚಪ್ಪಲಿ ಬಿಟ್ಟು ಕೂತ ಹಾಗೆ. ಆಗ ಸಾಕು ಅಂತಿದ್ದೆ. ಕಿವಿ ನಿಮ್ಮದೇ, ಬಾಯಿ ಮಾತ್ರ ನಂದು.”

“ಮತ್ತೆ ನಿನ್ನೆ?”

“ನಿನ್ನೆ ಕನ್ನಡಿ ಇರ್ಲಿಲ್ಲ. ಬೆನ್ನಿಗೆ ಸೀಟು ನಡುಗೋ ತನಕ ಕಾದೆ. ನಡುಗ್ತು, ಅಂದೆ.”

ಅವನು ಕೈಯಲ್ಲಿ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡರೆ ಅವಳಿಗೆ ತುಟಿ ಕಾಣದು ಎಂದು ನೆನಪಾಗಿ ಕೈ ತೆಗೆದ. ಆಮೇಲೆ ಏನು ಹೊಳೆಯಿತೋ, ಆ ದೊಡ್ಡ ದೇಹವನ್ನು ಮುದುಡಿಕೊಂಡು, ಗಂಟಲು ಹಿಸುಕಿದಂತೆ ಮಾಡಿ, ಸಣ್ಣ ಹುಡುಗಿಯ ದನಿಯಲ್ಲಿ “ಈಗ ಕೇಳುತ್ತಾ?” ಎಂದು ಕೀರಿದ. ಆಚೆ ಟೈರಿನವನು ಯಾರೋ ಗೇಲಿ ಮಾಡುತ್ತಿದ್ದಾರೆಂದು ಗಹಗಹಿಸಿ ನಕ್ಕ. ಗುಡುಗು ಲೆಕ್ಕಿಸಲಿಲ್ಲ. “ಕೇಳುತ್ತೇನೇ? ಹಿಂಗೇ ಮಾತಾಡ್ತೀನಿ. ಇನ್ಮೇಲೆ ಹಿಂಗೇ ಮಾತಾಡ್ತೀನಿ ಬಿಡು.”

ಅವಳು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಹರಿಯಿತು.

“ಕೇಳುತ್ತೆ ರೀ. ಚೆನ್ನಾಗೇ ಕೇಳುತ್ತೆ. ಆದ್ರೆ ಅದು ನೀವಲ್ಲ” ಎಂದಳು.

ಅವನಿಗೆ ರಾತ್ರಿಗಳು ನೆನಪಾದವು. ಮನೆಯಲ್ಲಿ ಇರುವವರು ಇಬ್ಬರೇ. ದೀಪ ಆರಿಸಿದ ಮೇಲೆ ಆ ದಿನದ ಗಿರಾಕಿಗಳ ಕಥೆಯನ್ನೆಲ್ಲ ಅವಳಿಗೆ ಹೇಳುತ್ತ ಮಲಗುವುದು ಅವನ ಹಳೆಯ ಚಾಳಿ. ಮೊದಲಾದರೆ ಅವಳು ಮಧ್ಯೆ ಬಾಯಿ ಹಾಕುತ್ತಿದ್ದಳು, ಅವನ ಸುಳ್ಳುಗಳನ್ನು ಹಿಡಿಯುತ್ತಿದ್ದಳು. ಈಚೆಗೆ ಏನೂ ಅನ್ನದೆ ಅವನ ಎದೆಯ ಮೇಲೆ ಅಂಗೈ ಇಟ್ಟು ಮಲಗುತ್ತಿದ್ದಳು. ಈ ವಯಸ್ಸಿನಲ್ಲಿ ಎಷ್ಟು ಪ್ರೀತಿ ನೋಡು ಎಂದು ಅವನು ಹಿಗ್ಗಿ, ಕಥೆಯನ್ನು ಇನ್ನಷ್ಟು ಉದ್ದ ಮಾಡುತ್ತಿದ್ದ. ಆ ಕತ್ತಲಲ್ಲಿ ಅವಳಿಗೆ ತುಟಿ ಕಾಣುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದ ಗದಗದವೇ ಅವಳ ಪಾಲಿಗೆ ಉಳಿದ ಗಂಡನ ಮಾತು. ಪ್ರೀತಿಯೇ ಸರಿ. ಆದರೆ ಅವನು ತಿಳಿದುಕೊಂಡದ್ದಲ್ಲ.

ಕೊನೆಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ತೆಗೆದಳು.

“ಏಳಿ. ಸಂಜೆ ಆ ಡಾಕ್ಟರು ಬರ್ತಾರೆ. ಅವರಿಗೆ ದಪ್ಪ ದನಿ ಬೇಕಂತೆ, ಅವರಿಗಾದ್ರೂ ಸಿಗ್ಲಿ. ನೀವು ಇಲ್ಲಿ ಕೂತ್ಕೊಳ್ಳಿ, ನಾನು ತಿರುಪು ಹಿಡೀತೀನಿ.”

“ನಂಗೆ ಸಾಕು ಅನ್ನೋಕೆ ಬರಲ್ಲ ಕಣೇ.”

“ಇಷ್ಟು ದಿನ ಅಂದವರು ನೀವೇ. ಬಾಯಲ್ಲಿ ಅಂದ್ರೆ ನಂಗೆ ಕೇಳಲ್ಲ, ಕೈ ಎತ್ತಿ. ಕಾಣುತ್ತೆ.”

ಅವನು ಕೂತ. ಸೀಟು ಇನ್ನೂ ಅವಳ ಮೈಯ ಬಿಸಿಯಲ್ಲಿತ್ತು. ಅವಳು ಹಿಂದೆ ಹೋಗಿ ತಂತಿಗಳನ್ನು ಸಿಕ್ಕಿಸಿದಳು, ತಿರುಪನ್ನು ಪೂರ್ತಿ ಕೆಳಕ್ಕೆ ತಂದಳು, ಬಗ್ಗಿ ನಿಲ್ಲಲು ಆಸರೆಗೆಂದು ಎಡಗೈಯನ್ನು ಪೆಟ್ಟಿಗೆಯ ಮೇಲೆ ಊರಿದಳು. ಊಂಕಾರ ಶುರುವಾಯಿತು. ಅಡುಗೆಮನೆಯಲ್ಲಿ ನಾಚಿಕೊಂಡು ನಿಂತ ಹುಡುಗನ ದನಿ. ಮೊದಲು ಟೊಳ್ಳಾಗಿತ್ತು. ಅವಳು ತಿರುಗಿಸುತ್ತ ಬಂದಂತೆ ತುಂಬಿಕೊಂಡಿತು. ತುಂಬಿಕೊಂಡು ಮುಂದೆ ಸರಿಯಿತು. ಸ್ಟೇರಿಂಗಿನ ಆಚೆ, ಗಾಜಿನ ಹತ್ತಿರ, ಅವಳು ಹೇಳುತ್ತಿದ್ದ ಆ ಜಾಗದಲ್ಲೇ ಬಂದು ನಿಂತಿತು. ಓಹೋ, ಇದೇ ಏನು ಎಂದುಕೊಂಡ. ಇಷ್ಟು ವರ್ಷ ಅವಳ ಎದುರು ಬಂದು ನಿಲ್ಲುತ್ತಿದ್ದ ತನ್ನನ್ನು ಅವನು ಮೊದಲ ಸಲ ನೋಡಿದ.

ಕೈ ಎತ್ತಲು ಹೋಗಿ ಕನ್ನಡಿ ನೋಡಿದ.

ಅವಳ ಕಣ್ಣು ಮುಚ್ಚಿತ್ತು. ಎಷ್ಟೋ ದಿನಗಳಿಂದ ಮುಚ್ಚದಿದ್ದ ಕಣ್ಣು. ಆಸರೆಗೆಂದು ಊರಿದ್ದ ಅಂಗೈ ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿ, ಬೆರಳುಗಳನ್ನೆಲ್ಲ ಅಗಲಿಸಿಕೊಂಡು ಅಂಟಿಕೊಂಡಿತ್ತು. ತಿರುಪು ಮೇಲೇರಿದಷ್ಟೂ ಅವನ ದನಿ ಬಾಗಿಲ ಪಾಲಿನಿಂದ ಪೆಟ್ಟಿಗೆಯ ಪಾಲಿಗೆ ಬರುತ್ತಿತ್ತು, ಪೆಟ್ಟಿಗೆಯಿಂದ ಅವಳ ಕೈಗೆ. ಅವಳು ಇನ್ನೂ ತಿರುಗಿಸಿದಳು. ಅವಳ ಮುಖದಲ್ಲಿ ಹುಬ್ಬು ಇಳಿಯುವುದನ್ನು ಅವನು ನೋಡಿದ. ತನ್ನ ಮುಖ ಹೇಗಾಗುತ್ತಿತ್ತು ಎಂಬುದು ಅವನಿಗೆ ಆಗ ಗೊತ್ತಾಯಿತು.

ಸರಿಯಾದ ಜಾಗ ದಾಟಿಹೋಯಿತು. ಗಾಜಿನ ಹತ್ತಿರ ನಿಂತಿದ್ದವನು ಮೆಲ್ಲಗೆ ಹಿಂದೆ ಸರಿದ, ಅವಳ ಕಡೆಗೆ. ಕಾರಿನ ತಗಡೆಲ್ಲ ನಡುಗತೊಡಗಿತು. ನಗು ಬಂತು, ಮುಗಿಯಿತು, ಊಂಕಾರ ಮತ್ತೆ ಮೊದಲಾಯಿತು. ಟೈರಿನವನು ಬಂದು ಬಾಗಿಲಲ್ಲಿ ನಿಂತು, ಇದೇನು ಇವರಿಗೆ ಹುಚ್ಚು ಹಿಡಿಯಿತೇ ಎನ್ನುವಂತೆ ನೋಡಿ ಹೋದ.

ಗುಡುಗು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕೈ ಎತ್ತಲಿಲ್ಲ. ಹಲ್ಲಿನ ಡಾಕ್ಟರಿಗೆ ನಾಳೆ ಬನ್ನಿ ಎಂದರಾಯಿತು.